ಕಿರಿಯ ವೈದ್ಯರ ಸಂಘ ಅಂದರೆ ಬರೀ ಮುಷ್ಕರವಾ?

ಪ್ರಶ್ನೆ: ನನ್ನ ಮಗಳು ಕಾರವಾರದಲ್ಲಿ ಹೌಸ್ ಸರ್ಜನ್. ಕಿರಿಯ ವೈದ್ಯರ ಸಂಘಕ್ಕೆ ಸೇರುತ್ತೇನೆ ಎನ್ನುತ್ತಿದ್ದಾಳೆ. ನನಗೆ ಟಿವಿಯಲ್ಲಿ ನೋಡಿದ ಮುಷ್ಕರಗಳೇ ಕಣ್ಣಿಗೆ ಬರುತ್ತವೆ. ಈ ಸಂಘಗಳು ಮುಷ್ಕರ ಬಿಟ್ಟು ಬೇರೆ ಏನು ಮಾಡುತ್ತವೆ? ಸೇರಿದರೆ ಓದಿಗೆ ತೊಂದರೆ ಆಗುವುದಿಲ್ಲವಾ?
– ಅಂಕೋಲೆಯ ನಿವೃತ್ತ ಶಿಕ್ಷಕಿ

ಉತ್ತರ: ಅಕ್ಕೋರೆ, ಇದೇ ಪ್ರಶ್ನೆಯನ್ನು ನಮ್ಮಮ್ಮನೂ ನನಗೆ ಕೇಳಿದ್ದರು. ಆಗ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ.

ಮೊದಲು ನಿಮ್ಮ ಮಗಳ ಸ್ಥಿತಿ ನೋಡಿ. ನಾಲ್ಕೂವರೆ ವರ್ಷದ ಎಂಬಿಬಿಎಸ್ ಓದು ಮುಗಿದಿದೆ, ಈಗ 12 ತಿಂಗಳ ಇಂಟರ್ನ್‌ಶಿಪ್. ಅದನ್ನು ಮಾಡುವವರೇ ಹೌಸ್ ಸರ್ಜನ್. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ಬಂದ ರೋಗಿಯ ಹತ್ತಿರ ಮೊದಲು ಓಡುವವರು ಅವಳಂಥವರೇ. ಅಂದರೆ ಅವಳು ಕೆಲಸ ಮಾಡುತ್ತಾಳೆ. ಆದರೆ ಕಾಗದದ ಮೇಲೆ ಇನ್ನೂ ವಿದ್ಯಾರ್ಥಿನಿ. ರಜೆ ಕೊಡುವವರು, ಲಾಗ್‌ಬುಕ್‌ಗೆ ಸಹಿ ಹಾಕುವವರು, ಕೊನೆಗೆ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುವವರು ಎಲ್ಲ ಅದೇ ಸಂಸ್ಥೆಯವರು. ಪಿಜಿ, ಅಂದರೆ ಸ್ನಾತಕೋತ್ತರ ಓದು, ಮಾಡುವವರಿಗಂತೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎದುರಿಗೆ ಕೂರುವುದು ತಮ್ಮದೇ ವಿಭಾಗದ ಮುಖ್ಯಸ್ಥರು. ಕೆಲಸ ಕೊಡುವವರೇ ಪಾಸ್ ಮಾಡುವವರೂ ಆಗಿದ್ದಾಗ 'ನನ್ನ ಸ್ಟೈಪೆಂಡ್ (ತಿಂಗಳ ಭತ್ಯೆ) ಯಾಕೆ ಬಂದಿಲ್ಲ' ಅಂತ ಒಬ್ಬಳೇ ಹೋಗಿ ಕೇಳುವುದು ಸುಲಭ ಅಲ್ಲ, ಅಲ್ವಾ? ಸಂಘ ಹುಟ್ಟುವುದೇ ಈ ಜಾಗದಲ್ಲಿ.

ನಾನು ಹೌಸ್ ಸರ್ಜನ್ ಆಗಿದ್ದ ಆಸ್ಪತ್ರೆಯಲ್ಲಿ ಒಮ್ಮೆ ನಾಲ್ಕು ತಿಂಗಳು ಸ್ಟೈಪೆಂಡ್ ಬರಲಿಲ್ಲ. ಮೆಸ್ ಬಿಲ್ ಕಟ್ಟಲು ಅಪ್ಪನಿಗೆ ಫೋನ್ ಮಾಡಬೇಕಾಯಿತು. ಆ ವರ್ಷ ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂದಿತ್ತು, ಕೇಳಲು ನಾಲಿಗೆಯೇ ಏಳಲಿಲ್ಲ. ನಾವು ಮೂವರು ಕಚೇರಿಗೆ ಹೋದೆವು. 'ಬಿಲ್ ಕಳಿಸಿದ್ದೇವೆ, ಬರುತ್ತದೆ' ಎಂದರು. ಮುಂದಿನ ವಾರವೂ ಅದೇ ಮಾತು. ಆಮೇಲೆ ಸಂಘದ ಕಾರ್ಯದರ್ಶಿಯಾಗಿದ್ದ ಪಿಜಿ ಅಕ್ಕ ನಮ್ಮನ್ನು ಕೂರಿಸಿಕೊಂಡು ಒಂದು ಪುಟದ ಅರ್ಜಿ ಬರೆಸಿದರು. ಯಾವ ತಿಂಗಳಿಂದ ಬಾಕಿ, ಎಷ್ಟು ಜನರಿಗೆ, ಒಟ್ಟು ಎಷ್ಟು ರೂಪಾಯಿ, ಅಷ್ಟೇ. ಸಿಟ್ಟಿನ ಒಂದು ಪದ ಬರೆಯಲು ಬಿಡಲಿಲ್ಲ. ಬ್ಯಾಚಿನ ಎಲ್ಲರ ಸಹಿ ಹಾಕಿಸಿದರು. ಟಪಾಲು ವಿಭಾಗಕ್ಕೆ ಕೊಟ್ಟು ನಮ್ಮ ಪ್ರತಿಯ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಂಡರು. 'ಸೀಲು ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು ತಂಗಿ' ಎಂದಿದ್ದರು. ಮೂರನೇ ವಾರ ಹಣ ಬಂತು. ಬಿಲ್ ಒಂದು ಟೇಬಲ್ಲಿನಲ್ಲೇ ಕೂತಿತ್ತಂತೆ.

ಸಂಘದ ಕೆಲಸದಲ್ಲಿ ಹೆಚ್ಚಿನದು ಇಂಥದ್ದೇ. ಟಿವಿಗೆ ಇದು ಬೇಕಿಲ್ಲ. ಡ್ಯೂಟಿ ರೋಸ್ಟರ್‌ನಲ್ಲಿ ಒಬ್ಬರಿಗೇ ರಾತ್ರಿ ಪಾಳಿ ಜಾಸ್ತಿ ಬಿದ್ದರೆ ಮಾತಾಡುವುದು. ಬಸುರಿ ಪಿಜಿಗೆ ಹೆರಿಗೆ ರಜೆಯ ಅರ್ಜಿ ಬರೆದುಕೊಡುವುದು. ಹಾಸ್ಟೆಲ್ ನೀರಿನ ಟ್ಯಾಂಕ್ ತೊಳೆಸುವುದು. ಇನ್ನೊಂದು ಉಪಕಾರವೂ ಇದೆ. ಹೌಸ್ ಸರ್ಜನ್‌ಗಳು ವರ್ಷಕ್ಕೆ ಬದಲಾಗುತ್ತಾರೆ, ಹಾಗಾಗಿ ಹಿಂದಿನವರು ಕೇಳಿ ಪಡೆದದ್ದು ಮುಂದಿನವರಿಗೆ ಗೊತ್ತೇ ಇರುವುದಿಲ್ಲ. ಸಂಘದ ಕಡತ ಅದನ್ನು ನೆನಪಿಡುತ್ತದೆ.

ರಾಜ್ಯ ಮಟ್ಟದ ಕೆಲಸ ಬೇರೆ. ಕರ್ನಾಟಕದಲ್ಲಿ ನಿವಾಸಿ ವೈದ್ಯರ (ರೆಸಿಡೆಂಟ್ ಡಾಕ್ಟರ್, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವವರ) ರಾಜ್ಯ ಸಂಘವೊಂದಿದೆ. 2020ರಲ್ಲಿ ಸರ್ಕಾರಿ ಕಾಲೇಜುಗಳ ಹೌಸ್ ಸರ್ಜನ್‌ಗಳ ಸ್ಟೈಪೆಂಡ್ ತಿಂಗಳಿಗೆ 20,000 ರೂಪಾಯಿಯಿಂದ 30,000ಕ್ಕೆ ಏರಿತು. 2024ರ ಆಗಸ್ಟ್‌ನಲ್ಲಿ ಸಂಘ ಹೋರಾಟಕ್ಕೆ ಇಳಿದ ಮೇಲೆ ಸರ್ಕಾರ ಇನ್ನೂ 25 ಶೇಕಡಾ ಹೆಚ್ಚಿಸಿತು. 30,000 ಇದ್ದದ್ದು 37,500 ಆಯಿತು. ಒಂದೊಂದು ಕಾಲೇಜಿನವರು ಬೇರೆ ಬೇರೆಯಾಗಿ ಹೋಗಿ ಕೇಳಿದ್ದರೆ ಇದು ಆಗುತ್ತಿರಲಿಲ್ಲ.

ಕೆಲಸದ ಗಂಟೆಗಳ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಬೇಸರವಿದೆ. ನಿವಾಸಿ ವೈದ್ಯರ ದುಡಿಮೆ ಸತತ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಸಾಕು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮದಲ್ಲಿ 'ಹಿತಮಿತವಾದ ಕೆಲಸದ ಅವಧಿ' ಎಂದಷ್ಟೇ ಇದೆ, ಗಂಟೆಯ ಲೆಕ್ಕವಿಲ್ಲ. 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು ಎಂದು ಶಿಫಾರಸು ಮಾಡಿತು. ವಾರ್ಡಿನಲ್ಲಿ 30, 36 ಗಂಟೆ ಒಂದೇ ಸಮ ನಿಂತವರನ್ನು ನಾನು ನೋಡಿದ್ದೇನೆ, ನಾನೂ ನಿಂತಿದ್ದೇನೆ. ಬೆಳಗಿನ ಜಾವ ಇಂಜೆಕ್ಷನ್ ಡೋಸ್ ಲೆಕ್ಕ ಹಾಕುವಾಗ ಅಂಕಿಗಳು ಕಣ್ಣ ಮುಂದೆ ಕುಣಿಯುತ್ತವೆ. ಅದು ರೋಗಿಗೇ ಅಪಾಯ. ರೋಸ್ಟರ್ ಪ್ರತಿಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು, 'ನೋಡಿ, ಇಷ್ಟು ಗಂಟೆ' ಎಂದು ಡೀನ್ ಮುಂದೆ ಇಡುವ ಕೆಲಸವನ್ನು ಸಂಘವೇ ಮಾಡಬೇಕು.

ಇನ್ನು ಸುರಕ್ಷತೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ನಿಮಗೆ ನೆನಪಿರಬಹುದು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ ಅದೇ ಆಸ್ಪತ್ರೆಯ ಕೆಲಸದವನು ಅವರ ಮೇಲೆ ಎರಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರಿಗೆ ಪ್ರಜ್ಞೆ ಮರಳಲಿಲ್ಲ. ಆಗ ಮುಂಬೈಯ ನರ್ಸ್‌ಗಳು ಒಟ್ಟಾಗಿ ಕೆಲಸ ನಿಲ್ಲಿಸಿ ರಕ್ಷಣೆ ಕೇಳಿದರು. ಅವರ ಜೊತೆಗಾರ್ತಿಯರು, ಆಮೇಲೆ ಬಂದ ನರ್ಸ್‌ಗಳು, ನಲವತ್ತಕ್ಕೂ ಹೆಚ್ಚು ವರ್ಷ ಅದೇ ಆಸ್ಪತ್ರೆಯಲ್ಲಿ ಅರುಣಾ ಅವರನ್ನು ಮಗುವಿನಂತೆ ನೋಡಿಕೊಂಡರು. ಐವತ್ತು ವರ್ಷ ಕಳೆದ ಮೇಲೆ, 2024ರ ಆಗಸ್ಟ್ 9ರಂದು, ಕೋಲ್ಕತ್ತಾದಲ್ಲಿ ರಾತ್ರಿ ಪಾಳಿಯ ಪಿಜಿ ವೈದ್ಯೆ ವಿಶ್ರಾಂತಿಗೆ ಸೆಮಿನಾರ್ ಹಾಲ್‌ಗೆ ಹೋಗಿದ್ದಳು. ಅಲ್ಲೇ ಅವಳ ಅತ್ಯಾಚಾರ, ಕೊಲೆ ಆಯಿತು. ಬಟ್ಟೆ ಬದಲಿಸಲು, ಮಲಗಲು ಬಾಗಿಲಿರುವ ಒಂದು ಕೋಣೆ ಕೇಳುವುದು ದೊಡ್ಡ ಬೇಡಿಕೆಯಾ ಹೇಳಿ. ದೇಶದ ಕಿರಿಯ ವೈದ್ಯರು ಬೀದಿಗೆ ಬಂದ ಮೇಲೆ ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಎತ್ತಿಕೊಂಡು ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ನಮ್ಮ ರಾಜ್ಯದಲ್ಲಿ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ 2009ರ ಕಾನೂನಿದೆ. ಅದರಡಿ ಹಲ್ಲೆ ಜಾಮೀನುರಹಿತ ಅಪರಾಧ. ಆದರೆ ಪೆಟ್ಟು ತಿಂದ ಹುಡುಗ ನಡುರಾತ್ರಿ ಠಾಣೆಗೆ ಒಬ್ಬನೇ ಹೋದರೆ 'ರಾಜಿ ಮಾಡಿಕೊಳ್ಳಿ' ಎಂಬ ಮಾತೇ ಮೊದಲು ಕಿವಿಗೆ ಬೀಳುತ್ತದೆ. ಗಟ್ಟಿಯಾದ ಸಂಘ ಇದ್ದಲ್ಲಿ ಇಬ್ಬರು ಜೊತೆಗೆ ಹೋಗುತ್ತಾರೆ. ಗಾಯದ ದಾಖಲೆ ಮಾಡಿಸುತ್ತಾರೆ, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ತೆಗೆದಿಡಿಸುತ್ತಾರೆ, ದೂರನ್ನು ಆಸ್ಪತ್ರೆಯ ಹೆಸರಲ್ಲೇ ಕೊಡಿ ಎಂದು ಸೂಪರಿಂಟೆಂಡೆಂಟ್ ಹತ್ತಿರ ಹಟ ಹಿಡಿಯುತ್ತಾರೆ.

ಪಕ್ಕದ ಗೋವಾದ್ದೂ ಹೇಳಬೇಕು. ಕಾರವಾರದವರಿಗೆ ಬಾಂಬೋಳಿ ಆಸ್ಪತ್ರೆ ಹೊಸದೇನಲ್ಲ. 2025ರ ಜೂನ್‌ನಲ್ಲಿ ಗೋವಾದ ಆರೋಗ್ಯ ಸಚಿವರು ಅಲ್ಲಿನ ವೈದ್ಯರೊಬ್ಬರನ್ನು ಕ್ಯಾಮೆರಾ ಮುಂದೆಯೇ ಗದರಿಸಿ ಅಮಾನತು ಮಾಡಿ ಎಂದರು. ಆ ವೈದ್ಯರು ಕಿರಿಯರಲ್ಲ, ಹಿರಿಯರೇ. ಆದರೂ ನಿವಾಸಿ ವೈದ್ಯರ ಸಂಘ ಅವರ ಪರ ನಿಂತಿತು. ಅಮಾನತು ಜಾರಿಯಾಗಲಿಲ್ಲ, ಸಚಿವರು ಕ್ಷಮೆ ಕೇಳಿದರು.

ಮುಷ್ಕರದ ಮಾತಿಗೆ ಬರುತ್ತೇನೆ. ಅದು ನಿಜಕ್ಕೂ ನೋವಿನ ಹೆಜ್ಜೆ. ಜೋಯಿಡಾದ ಹಳ್ಳಿಯಿಂದ ಬೆಳಗಿನ ಬಸ್ ಹಿಡಿದು ಬಂದವರು ಒಪಿಡಿ ಬಾಗಿಲು ನೋಡಿ ವಾಪಸ್ ಹೋಗುವುದನ್ನು ನೋಡಲು ಆಗುವುದಿಲ್ಲ. ಹೀಗಾಗಿ ಒಳ್ಳೆಯ ಸಂಘ ಮೊದಲು ಮನವಿ ಕೊಡುತ್ತದೆ, ಆಮೇಲೆ ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತದೆ, ಆಮೇಲೆ ನೋಟಿಸ್. ಏನೂ ಆಗದಿದ್ದರೆ ಒಪಿಡಿ ಬಿಡುತ್ತದೆ. ತುರ್ತು ಚಿಕಿತ್ಸೆ ಬಿಡುವ ಸಂಘದ ಪರ ನಾನು ಮಾತಾಡುವುದಿಲ್ಲ. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಪಕ್ಕದ ಜಿಲ್ಲೆಯ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು ಯಾರು ಮರೆತಾರು? ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಜನ ಆಗ ಕೂಗಿದರು. ಖಾಲಿ ಹುದ್ದೆ ತುಂಬಿ, ಹಾಸಿಗೆ ಕೊಡಿ, ಔಷಧಿ ಕೊಡಿ ಎಂದು ಕಿರಿಯ ವೈದ್ಯರು ಬರೆಯುವ ಮನವಿಯೂ ಅದೇ ಕೂಗು.

ಓದಿಗೆ ತೊಂದರೆಯಾ ಎಂದಿರಿ. ಬರೀ ಸದಸ್ಯೆಯಾದರೆ ಸಮಯವೇನೂ ಹೋಗುವುದಿಲ್ಲ. ಪದಾಧಿಕಾರಿಯಾದರೆ ಖಂಡಿತ ಹೋಗುತ್ತದೆ. ಪಿಜಿ ಪ್ರವೇಶ ಪರೀಕ್ಷೆಗೆ ಓದುವ ವರ್ಷ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಮುಂದೆ ಹೋಗಿ ಮಾತಾಡುವವರ ಮೇಲೆ ಮೇಲಿನವರ ಕಣ್ಣು ಬೀಳುವುದೂ ಇದೆ, ಸುಳ್ಳು ಹೇಳಲಾರೆ. ಅದಕ್ಕೇ ಎಲ್ಲರ ಸಹಿ, ಸಂಘದ ಲೆಟರ್‌ಹೆಡ್. ಸೇರುವ ಮೊದಲು ಚುನಾವಣೆ ನಡೆಯುತ್ತದಾ, ಚಂದಾ ಹಣದ ಲೆಕ್ಕ ತೋರಿಸುತ್ತಾರಾ ಎಂದು ವಿಚಾರಿಸಲಿ.

ಮನಸ್ಸಿಗೆ ತೀರಾ ಭಾರವಾದರೆ 14416ಕ್ಕೆ ಕರೆ ಮಾಡಬಹುದು ಎಂದೂ ಅವಳಿಗೆ ತಿಳಿಸಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ. ನಮ್ಮ ಕಾಲದಲ್ಲಿ ಅದೂ ಇರಲಿಲ್ಲ.

ಇವತ್ತು ರಾತ್ರಿ ಮಗಳು ಫೋನ್ ಮಾಡಿದಾಗ 'ಊಟ ಆಯ್ತಾ' ಎಂದ ಮೇಲೆ ಇನ್ನೊಂದು ಕೇಳಿ ಅಕ್ಕೋರೆ. ಡ್ಯೂಟಿ ರೂಮಿಗೆ ಒಳಗಿನಿಂದ ಹಾಕುವ ಚಿಲಕ ಇದೆಯಾ ಅಂತ. ಇಲ್ಲ ಅಂದರೆ ಸಂಘಕ್ಕೆ ಅವಳು ಬರೆಸಬೇಕಾದ ಮೊದಲ ಅರ್ಜಿ ಅದೇ.