‘ನೋವು ಇಲ್ಲೆ’ ಅಂದರೆ ನೋವು ಎಲ್ಲಿ?

ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ, ಕೀಮೋ ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಟೈಪ್ ಮಾಡುವುದು ಅವಳಿಗೆ ಒಗ್ಗದು ಎಂದು, ಮಾತಾಡಿದ್ದನ್ನು ಅಕ್ಷರ ಮಾಡಿ ಧ್ವನಿಯ ಜೊತೆಗೇ ಕಳಿಸುವ ಆಪ್ ಒಂದನ್ನು ಫೋನಿಗೆ ಹಾಕಿಕೊಟ್ಟಿದ್ದೆ. ಒಂದು ಸಂಜೆ ಕಾರವಾರದಲ್ಲಿದ್ದ ನನಗೆ ಮೆಸೇಜು ಬಂತು: ‘ಹೊಟ್ಟೆ ನೋವು ಇಲ್ಲೇ.’ ಗಾಬರಿಯಾಗಿ ಫೋನ್ ಮಾಡಿದೆ. ಎಲ್ಲಿ ನೋವು, ಬಲಕ್ಕಾ ಎಡಕ್ಕಾ ಎಂದು ಕೇಳಿದರೆ ಅತ್ತೆಗೇ ಸಿಟ್ಟು. ‘ಇಲ್ಲೆ ಹೇಳಿ ಹೇಳಿದ್ನಲಾ ಮಾರಾಯಾ!’

ಅತ್ತೆ ಆಡುವ ಹವ್ಯಕರ ಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಉಳಿದ ಕನ್ನಡದಲ್ಲಿ ‘ಇಲ್ಲೇ’ ಎಂದರೆ ಇದೇ ಜಾಗದಲ್ಲಿ. ಎರಡರ ನಡುವೆ ಇರುವುದು ಒಂದು ದೀರ್ಘ, ಅಷ್ಟೇ. ಆಪ್ ತಾನು ಕಲಿತ ಕನ್ನಡದಲ್ಲಿ ಹೆಚ್ಚು ಸಲ ಕಂಡದ್ದನ್ನು ಆರಿಸಿಕೊಂಡಿತು. ಇಲ್ಲದ ನೋವು ಇದ್ದ ನೋವಾಯಿತು. ಆ ರಾತ್ರಿ ನಾನು ನಕ್ಕೆ. ಆಮೇಲೆ ಯೋಚಿಸಿದಷ್ಟೂ ನಗು ಕಡಿಮೆಯಾಯಿತು.

ಸ್ಕ್ಯಾನಿನಲ್ಲಿ ಗಂಟು ಹುಡುಕುವ ಕಂಪ್ಯೂಟರಿನ ಸುದ್ದಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ರೋಗಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಕಂಪ್ಯೂಟರಿನ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ಕುತೂಹಲ ಇರುವುದೇ ಈ ಎರಡನೆಯದರಲ್ಲಿ. ರೋಗಿಗಳ ಮಾತು, ಮೆಸೇಜು, ಸಹಾಯವಾಣಿಗೆ ಬಂದ ಕರೆ, ವೈದ್ಯರ ಟಿಪ್ಪಣಿ ಇವನ್ನೆಲ್ಲ ಓದಿ, ಇದರಲ್ಲಿ ಔಷಧದ ಅಡ್ಡಪರಿಣಾಮ ಎಲ್ಲಿದೆ, ಹೆದರಿಕೆ ಎಲ್ಲಿದೆ, ಯಾವುದು ನಾಳೆವರೆಗೆ ಕಾಯಬಹುದು, ಯಾವುದು ಕಾಯಲಾರದು ಎಂದು ಬೇರ್ಪಡಿಸುವ ಕೆಲಸ ಅದು.

ಕೇಳಿಸಿಕೊಂಡ ಮಾತ್ರಕ್ಕೆ ಏನಾಗುತ್ತದೆ ಎನ್ನುವವರು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಷ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವನ್ನು ನೋಡಬೇಕು. ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ಜನರನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿದರು. ಒಂದು ಗುಂಪಿಗೆ ಮಾಮೂಲಿ ಉಪಚಾರ. ಇನ್ನೊಂದು ಗುಂಪಿನವರು ವಾಂತಿ, ಸುಸ್ತು, ಉಬ್ಬಸದಂಥ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಗುರುತು ಹಾಕಬೇಕು. ತೊಂದರೆ ಜೋರಾದರೆ ನರ್ಸಿಗೆ ಸಂದೇಶ ಹೋಗುತ್ತದೆ. 2017ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಮಧ್ಯಮ ಬದುಕುಳಿವು (ಗುಂಪಿನ ಅರ್ಧದಷ್ಟು ಜನ ದಾಟಿದ ಅವಧಿ) 26 ತಿಂಗಳು, ಎರಡನೆಯದರದ್ದು 31.2 ತಿಂಗಳು. ಹೊಸ ಔಷಧ ಕೊಟ್ಟದ್ದಲ್ಲ. ತೊಂದರೆ ಬೇಗ ತಿಳಿಯಿತು, ನರ್ಸ್ ಫೋನ್ ಮಾಡಿದಳು, ರೋಗಿ ಕೀಮೋವನ್ನು ಹೆಚ್ಚು ಕಾಲ ತಾಳಿಕೊಂಡ. ಐದು ತಿಂಗಳು ಹೆಚ್ಚಿಸುವ ಮಾತ್ರೆ ಬಂದಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ!

ಆದರೆ ಅಲ್ಲಿದ್ದದ್ದು ಗುರುತು ಹಾಕುವ ಪಟ್ಟಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮಾಡಿರುವ ದೊಡ್ಡ ಪಟ್ಟಿಯಲ್ಲಿ 78 ತೊಂದರೆಗಳಿಗೆ 124 ಪ್ರಶ್ನೆಗಳಿವೆ. ನಮ್ಮ ಅತ್ತೆಯ ಮುಂದೆ 124 ಪ್ರಶ್ನೆ ಇಟ್ಟರೆ ಎಲ್ಲಕ್ಕೂ ಒಂದೇ ಉತ್ತರ: ‘ಆರಾಮಿದ್ದಿ’, ಅಂದರೆ ಆರಾಮಾಗಿದ್ದೇನೆ. ಡಾಕ್ಟರ ಎದುರು ಅವಳು ಹೇಳುವುದೂ ಅದನ್ನೇ. ಇಪ್ಪತ್ತೊಂದು ದಿನಕ್ಕೊಮ್ಮೆ ಘಟ್ಟ ಇಳಿದು, ಅರ್ಧ ದಿನ ಬಸ್ಸಿನಲ್ಲಿ ಕೂತು, ಟೋಕನ್ ಹಿಡಿದು ಕಾದು, ಕೊನೆಗೆ ಸಿಗುವ ಹತ್ತು ನಿಮಿಷದಲ್ಲಿ ನಮ್ಮ ಕಡೆಯ ಹೆಂಗಸರು ಡಾಕ್ಟರಿಗೆ ತೊಂದರೆ ಕೊಡುವುದಿಲ್ಲ. ತೊಂದರೆ ಹೇಳಿಕೊಳ್ಳುವುದು ಮನೆಯಲ್ಲಿ, ಅದೂ ಬೇರೆ ಯಾವುದೋ ಮಾತಿನ ನಡುವೆ.

ಹೆಬ್ಬೆಟ್ಟಿನ ಕತೆ ಹಾಗೇ ಆದದ್ದು. ‘ಸೊಸೈಟಿಲಿ ಹೆಬ್ಬೆಟ್ಟು ತಗಳ್ತಿಲ್ಲೆ’ ಎಂದು ಅವಳು ಎರಡು ಸಲ ಹೇಳಿದ್ದಳು. ರೇಷನ್ ಅಕ್ಕಿಗೆ ಬೆರಳು ಒತ್ತಿದರೆ ಮಷೀನು ಒಪ್ಪುತ್ತಿಲ್ಲ. ಸರ್ವರ್ ಸಮಸ್ಯೆ ಎಂದು ನಾವೆಲ್ಲ ತೀರ್ಮಾನಿಸಿ, ಸರ್ಕಾರಕ್ಕೆ ಎರಡು ಮಾತು ಬೈದು ಸುಮ್ಮನಾದೆವು. ಅವಳು ನುಂಗುತ್ತಿದ್ದ ಮಾತ್ರೆಯ ಹೆಸರು ಕೆಪೆಸಿಟಾಬಿನ್. ಅಂಗೈ ಅಂಗಾಲಿನ ಚರ್ಮ ಕೆಂಪಾಗಿ, ಉರಿದು, ಸುಲಿಯುವುದು ಅದರ ಹೆಸರುವಾಸಿ ಅಡ್ಡಪರಿಣಾಮ. ಬೆರಳಿನ ಗೆರೆಯೂ ಅಳಿಸಿಹೋಗಬಹುದು. ಇದೇ ಮಾತ್ರೆ ತಿನ್ನುತ್ತಿದ್ದ ಒಬ್ಬರನ್ನು ಬೆರಳಚ್ಚು ಸಿಗದೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದನ್ನು ಸಿಂಗಪುರದ ವೈದ್ಯರು 2009ರಲ್ಲೇ ವರದಿ ಮಾಡಿದ್ದರು. ನಮಗೆ ಗೊತ್ತಾದದ್ದು ಎರಡು ವಾರ ಕಳೆದು, ಅಂಗಾಲು ಸೀಳಿ ಕೊಟ್ಟಿಗೆಗೆ ಹೋಗಲಾರದೆ ಅವಳು ಜಗಲಿಯಲ್ಲೇ ಕೂತಾಗ. ಡಾಕ್ಟರು ಮಾತ್ರೆ ಕೆಲವು ದಿನ ನಿಲ್ಲಿಸಿ, ಪ್ರಮಾಣ ಇಳಿಸಿದರು. ಮೊದಲೇ ಗೊತ್ತಾಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂದರು.

‘ಸೊಸೈಟಿಲಿ ಹೆಬ್ಬೆಟ್ಟು ತಗಳ್ತಿಲ್ಲೆ’ ಎಂಬ ವಾಕ್ಯದಲ್ಲಿ ಚರ್ಮವಿಲ್ಲ, ಉರಿಯಿಲ್ಲ, ಔಷಧವಿಲ್ಲ. ಇದರಲ್ಲಿ ಅಡ್ಡಪರಿಣಾಮ ಕಾಣುವ ಯಂತ್ರ ಹೇಗಿರಬೇಕು?

ಜೆ. ಆರ್. ಫರ್ತ್ ಎಂಬ ಇಂಗ್ಲಿಷ್ ಭಾಷಾವಿಜ್ಞಾನಿ ಇದ್ದರು. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಒಂದು ಶಬ್ದವನ್ನು ತಿಳಿಯಬೇಕಾದರೆ ಅದರ ಸಹವಾಸ ನೋಡಿ ಎಂಬುದು 1957ರಲ್ಲಿ ಅವರು ಹೇಳಿದ ಮಾತಿನ ಸಾರ. ಕಾರವಾರದ ಮೀನು ಪೇಟೆಗೆ ಬನ್ನಿ. ಇಲ್ಲಿ ತಾರ್ಲೆ ಎನ್ನುವ ಮೀನಿಗೆ ಮಂಗಳೂರಿನಲ್ಲಿ ಬೂತಾಯಿ ಎನ್ನುತ್ತಾರೆ. ಎರಡೂ ಗೊತ್ತಿಲ್ಲದ ಶಿರಸಿಯ ಭಟ್ಟರೊಬ್ಬರು ಎರಡೂ ಪೇಟೆಯಲ್ಲಿ ಕಣ್ಣು ಮುಚ್ಚಿ ನಿಂತರೂ ಸಾಕು. ದೋಣಿ ಬಂತಾ, ಬುಟ್ಟಿಗೆಷ್ಟು, ನೂರಕ್ಕೆ ಎಷ್ಟು ಕೊಡ್ತೀರಿ, ಸಾರಿಗಾ ಹುರಿಯೋದಕ್ಕಾ ಎಂಬ ಅದೇ ಮಾತುಗಳು ಎರಡು ಹೆಸರಿನ ಸುತ್ತಲೂ ಸುಳಿಯುತ್ತವೆ. ಮೀನು ಮುಟ್ಟದೆಯೇ ಎರಡೂ ಒಂದೇ ಎಂದು ಭಟ್ಟರಿಗೆ ತಿಳಿಯುತ್ತದೆ. ಗೂಗಲ್‌ನ ಸಂಶೋಧಕರು 2013ರಲ್ಲಿ ವರ್ಡ್‌ಟುವೆಕ್ ಎಂಬ ವಿಧಾನದಲ್ಲಿ ಮಾಡಿಸಿದ್ದು ಇದನ್ನೇ. ಯಾವ ಶಬ್ದ ಯಾರ ಪಕ್ಕ ಕೂರುತ್ತದೆ ಎಂದು ಊಹಿಸಿ ಊಹಿಸಿ, ಪ್ರತಿ ಶಬ್ದಕ್ಕೂ ನೂರಾರು ಸಂಖ್ಯೆಗಳ ಒಂದು ವಿಳಾಸ ಕೊಡುವುದು. ಸಹವಾಸ ಒಂದೇ ಆದರೆ ವಿಳಾಸವೂ ಅಕ್ಕಪಕ್ಕ. ‘ವಾಕರಿಕೆ’, ‘ಹೊಟ್ಟೆ ತೊಳಸುವುದು’, ‘ಅನ್ನದ ವಾಸನೆ ಬಂದರೆ ಆಗೋದಿಲ್ಲ’ ಎಲ್ಲ ಒಂದೇ ಕೇರಿಗೆ ಬಂದು ನೆಲೆಸುತ್ತವೆ.

ಇನ್ನೊಂದು ರೀತಿ ಹೇಳುತ್ತೇನೆ. ಶಿರಸಿಯಲ್ಲಿ ಅಡಿಕೆ ಆರಿಸುವವರ ಎದುರು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ಗುಡ್ಡೆಗಳಿರುತ್ತವೆ. ಒಂದು ಅಡಿಕೆ ಯಾಕೆ ಕೆಂಪುಗೋಟು ಎಂದು ಕೇಳಿದರೆ ಅವರು ನಿಯಮ ಹೇಳಲಾರರು, ಆದರೆ ಕೈ ತಪ್ಪುವುದಿಲ್ಲ. ಸಾವಿರಾರು ವಾಕ್ಯಗಳನ್ನು ನರ್ಸುಗಳು ಹೀಗೆ ಗುಡ್ಡೆ ಮಾಡಿಕೊಟ್ಟರೆ (ಇದು ನೋವು, ಇದು ಜೋಮು, ಇದು ದುಡ್ಡಿನ ಚಿಂತೆ) ಯಂತ್ರವೂ ಆ ಕೈ ಕಲಿಯುತ್ತದೆ. ಇಬ್ಬರು ನರ್ಸುಗಳು ಒಂದೇ ವಾಕ್ಯವನ್ನು ಎರಡು ಗುಡ್ಡೆಗೆ ಹಾಕುವುದೂ ಉಂಟು. ಅಂಥ ಕಡೆ ಯಂತ್ರವನ್ನು ಬೈದು ಪ್ರಯೋಜನವಿಲ್ಲ.

ಈ ಸಹವಾಸದ ಉಪಾಯಕ್ಕೆ ಒಂದು ದೊಡ್ಡ ತೂತಿದೆ. ‘ನೋವು ಇದೆ’, ‘ನೋವು ಇಲ್ಲ’ ಎರಡರ ಸಹವಾಸವೂ ಒಂದೇ. ಹೊಟ್ಟೆ, ರಾತ್ರಿ, ಮಾತ್ರೆ, ಡಾಕ್ಟರು ಎರಡಕ್ಕೂ ನೆಂಟರು. ಮಾತು ಯಾವುದರ ಬಗ್ಗೆ ಎಂದು ಸಹವಾಸ ಹೇಳುತ್ತದೆ. ಅದು ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ವೆಂಡಿ ಚಾಪ್ಮನ್ ಮತ್ತು ಸಂಗಡಿಗರು 2001ರಲ್ಲಿ ನೆಗ್‌ಎಕ್ಸ್ ಎಂಬ ಸರಳ ವಿಧಾನ ಮಾಡಿದರು. ವೈದ್ಯರ ಟಿಪ್ಪಣಿಯಲ್ಲಿ ‘ನೋ’ ಎಂಬಂಥ ಶಬ್ದ ಕಂಡರೆ ಅದರ ಆಸುಪಾಸಿನ ಕೆಲವು ಶಬ್ದಗಳೊಳಗಿನ ರೋಗಲಕ್ಷಣ ಇಲ್ಲ ಎಂದು ತಿಳಿಯುವುದು. ಇಂಗ್ಲಿಷಿನ ‘ನೋ’ ಬಾಗಿಲಲ್ಲೇ ನಿಂತು ಮುಖ ತೋರಿಸುತ್ತದೆ. ನಮ್ಮ ‘ಇಲ್ಲ’ ಊಟದ ಕೊನೆಯ ಮಜ್ಜಿಗೆಯ ಹಾಗೆ, ಎಲ್ಲ ಬಡಿಸಿದ ಮೇಲೆ ಬರುತ್ತದೆ. ಬಂದರೂ ಎಷ್ಟೋ ಸಲ ಬೇರೆಯಾಗಿ ಬರುವುದಿಲ್ಲ, ಕ್ರಿಯಾಪದದ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ: ತಿನ್ನಲಾರೆ, ತಿನ್ನದೆ, ತಿನ್ನದಿದ್ದರೂ. ‘ವಾಂತಿ ಆಗಿಲ್ಲ’ ಎಂದರೆ ವಾಂತಿ ಇಲ್ಲ. ‘ವಾಂತಿ ನಿಂತಿಲ್ಲ’ ಎಂದರೆ ವಾಂತಿ ಇದೆ. ‘ಊಟ ಸೇರ್ತಿಲ್ಲ’, ‘ನಿದ್ದೆ ಇಲ್ಲ’ ಎಂಬಲ್ಲಿ ಇಲ್ಲದಿರುವುದೇ ಕಾಯಿಲೆ.

ಇಲ್ಲಿ ನಮ್ಮ ಜಿಲ್ಲೆಯ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಭಟ್ಕಳ ಹತ್ತಿರದ ಹಾಡುವಳ್ಳಿಯ ಜೈನ ಮಠದ ಭಟ್ಟಾಕಳಂಕ ದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. ಕನ್ನಡದ ನಡೆಯನ್ನೆಲ್ಲ 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿಟ್ಟ ವ್ಯಾಕರಣ ಅದು. ಕಂಪ್ಯೂಟರಿಗೆ ಭಾಷೆ ಕಲಿಸಲು ಹೊರಟವರು ಮೊದಲ ಕೆಲವು ದಶಕ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿ, ಸೂತ್ರ ಬರೆದು ಕೊಡುವುದು. ಆಮೇಲೆ ಸೂತ್ರ ಬಿಟ್ಟು ಮೀನು ಪೇಟೆಯ ದಾರಿ ಹಿಡಿದರು. ಕನ್ನಡದಂಥ ಭಾಷೆಗೆ ಎರಡೂ ಬೇಕೆಂದು ನನ್ನ ಅಭಿಪ್ರಾಯ. ‘ತಿನ್ನದಿದ್ದರೂ’ ಎಂಬುದನ್ನು ತುಂಡು ಮಾಡಿ ನೋಡದೆ ಒಂದೇ ಮುದ್ದೆಯಾಗಿ ನುಂಗುವ ಯಂತ್ರಕ್ಕೆ ಅಜೀರ್ಣ ಖಂಡಿತ.

ಈಗಿನ ಯಂತ್ರಗಳು ಶಬ್ದವನ್ನು ತುಂಡು ಮಾಡುತ್ತವೆ, ಇಡೀ ವಾಕ್ಯವನ್ನು ಒಟ್ಟಿಗೆ ನೋಡುತ್ತವೆ. 2017ರಲ್ಲಿ ಬಂದ, ಟ್ರಾನ್ಸ್‌ಫಾರ್ಮರ್ ಎಂಬ ಹೆಸರಿನ ಅವುಗಳ ವಿನ್ಯಾಸದ ಗುಟ್ಟು ‘ಅಟೆನ್ಷನ್’, ಅಂದರೆ ಗಮನ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಅರ್ಧ ಗಂಟೆ ಹಿಂದೆ ಎದುರಾಳಿ ಬಾಯಿಜಾರಿ ಆಡಿದ ಒಂದು ಶಬ್ದವನ್ನು ಎತ್ತಿಕೊಂಡು ಈಗಿನ ಮಾತಿಗೆ ಗಂಟು ಹಾಕುತ್ತಾನಲ್ಲ, ಅದೇ. ಕಾರವಾರದ ಮೀನು ಮಾರುವ ಹೆಂಗಸೊಬ್ಬಳು ‘ಬಂಗಡೆ ಮುಟ್ಟಿದ್ರೆ ಮುಳ್ಳು ಚುಚ್ಚಿದ ಹಾಗಾಗ್ತದೆ’ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೀನಿಗೆ ಮುಳ್ಳಿರುವುದು ಸಹಜ. ಆದರೆ ನಾಲ್ಕು ವಾಕ್ಯ ಹಿಂದೆ ಅವಳು ‘ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್ ಆಗಿ ಮೂರು ದಿನ’ ಎಂದಿದ್ದರೆ? ಆ ಔಷಧ ನರಗಳನ್ನು ಕೆಣಕುತ್ತದೆ, ತಣ್ಣನೆಯದನ್ನು ಮುಟ್ಟಿದರೆ ಸೂಜಿ ಚುಚ್ಚಿದಂತೆ ಜುಮ್ಮೆನ್ನುತ್ತದೆ. ಚುಚ್ಚಿದ್ದು ಬಂಗಡೆಯ ಮುಳ್ಳಲ್ಲ, ಬಂಗಡೆಯ ಮೇಲಿನ ಐಸು. ಇಂಜೆಕ್ಷನ್ನು, ಬಂಗಡೆ, ಮುಳ್ಳು ಮೂರಕ್ಕೂ ಗಂಟು ಹಾಕಿದ ಯಂತ್ರ ನರ್ಸಿಗೆ ಹೇಳೀತು.

ಗಂಟು ಹಾಕದಿರುವ ಸಾಧ್ಯತೆಯೇ ಹೆಚ್ಚು. ಯಾಕೆಂದರೆ ಅದು ಕಲಿತ ಕನ್ನಡ ಎಲ್ಲಿಯದು ನೋಡಿ. ಕನ್ನಡವೂ ಸೇರಿ 157 ಭಾಷೆಗಳಿಗೆ ಶಬ್ದಗಳ ವಿಳಾಸ ಮಾಡಿಕೊಟ್ಟ ಫಾಸ್ಟ್‌ಟೆಕ್ಸ್ಟ್ ಎಂಬ ತಂತ್ರಾಂಶ ಓದಿದ್ದು ವಿಕಿಪೀಡಿಯ ಮತ್ತು ಜಾಲದಿಂದ ಬಾಚಿದ ಪುಟಗಳನ್ನು. ಅಲ್ಲಿ ಅಂಕೋಲೆಯ ಹಾಲಕ್ಕಿಯವರ ಮಾತಿಲ್ಲ, ಅತ್ತೆಯ ‘ಇಲ್ಲೆ’ ಇಲ್ಲ. ಕಾರವಾರದಲ್ಲಿ ಅರ್ಧ ವಾಕ್ಯ ಕನ್ನಡ, ಅರ್ಧ ಕೊಂಕಣಿ. ಕೊಂಕಣಿಯಲ್ಲಿ ‘ಪೋಟ್ ದುಖ್ತಾ’ ಎಂದರೆ ಹೊಟ್ಟೆ ನೋಯುತ್ತಿದೆ. ಕನ್ನಡ ಮಾತ್ರ ಬಲ್ಲ ಯಂತ್ರ ಅದರಲ್ಲಿ ‘ದುಃಖ’ ಕಂಡು, ಹೊಟ್ಟೆನೋವನ್ನು ಮನಸ್ಸಿನ ಗುಡ್ಡೆಗೆ ಹಾಕಿ ಸಮಾಧಾನದ ಎರಡು ಮಾತು ಕಳಿಸಿದರೆ ಆಶ್ಚರ್ಯವಿಲ್ಲ.

ಇನ್ನು ಚಿಂತೆಗಳು. ನಮ್ಮಲ್ಲಿ ‘ಕ್ಯಾನ್ಸರ್’ ಎಂದು ಹುಡುಕಿದರೆ ಕ್ಯಾನ್ಸರ್ ಸಿಗುವುದಿಲ್ಲ, ‘ದೊಡ್ಡ ಕಾಯಿಲೆ’ ಎಂದು ಹುಡುಕಬೇಕು. ತಟ್ಟೆ ಲೋಟ ಬೇರೆ ಇಡಬೇಕಾ ಎಂದು ಈಗಲೂ ಕೇಳುತ್ತಾರೆ. ಬೇಡ ಮಾರಾಯ್ರೆ, ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಕೇಳದೆಯೇ ತಟ್ಟೆ ಬೇರೆ ಮಾಡಿದ ಮನೆಗಳನ್ನೂ ಕಂಡಿದ್ದೇನೆ. ಹಳ್ಳಿ ಮದ್ದಿನ ಕಷಾಯವನ್ನು ಡಾಕ್ಟರಿಗೆ ಹೇಳದೆ ಕುಡಿಯುವವರು ಎಷ್ಟೋ. ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದ್ದನ್ನು ಶಿರಸಿಯಲ್ಲಿ ಎತ್ತಿದರೆ ನನಗೆ ಮಜ್ಜಿಗೆಯೂ ಸಿಗಲಿಕ್ಕಿಲ್ಲ. ನಮ್ಮ ಮನೆ ನಡೆದದ್ದೂ ಅಡಿಕೆಯಿಂದಲೇ. ‘ಮಾರಿಜಾತ್ರೆಗೆ ಹೋಗಬಹುದಾ’ ಎಂಬುದು ಮಾತ್ರ ಭಕ್ತಿಯ ಪ್ರಶ್ನೆ ಎಂದು ಬದಿಗಿಡುವಂಥದ್ದಲ್ಲ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತೀರ ಇಳಿದಿರುತ್ತವೆ, ಜನಜಂಗುಳಿಯಲ್ಲಿ ಸೋಂಕು ತಗಲಬಹುದು. ಆ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಿನವರೆಗೆ ಕಾಯುವಂತಿಲ್ಲ. ‘ಮಳೆಗಾಲ ಅಲ್ದಾ, ಚಳಿ ಚಳಿ’ ಎಂಬ ಮಾತಿಗೆ ಯಂತ್ರ ಎದ್ದು ಕೂರಬೇಕು. ಹತ್ತು ಸಲ ಸುಮ್ಮನೆ ಕೂಗಿದರೂ ಪರವಾಗಿಲ್ಲ, ಒಂದು ಸಲ ಮಲಗಿಬಿಟ್ಟರೆ ಕಷ್ಟ.

ಎದ್ದ ಮೇಲೆ ಅದು ಕರೆಯಬೇಕಾದದ್ದು ನರ್ಸನ್ನು. ರೋಗಿಗೆ ತಾನೇ ಉತ್ತರ ಕೊಡಲು ಹೊರಡುವ ಯಂತ್ರಗಳ ಬಗ್ಗೆ ನನಗೆ ಅಂಥ ಪ್ರೀತಿಯಿಲ್ಲ. ಅವು ತಿಳಿಯದ್ದನ್ನೂ ತಿಳಿದವರ ಧಾಟಿಯಲ್ಲಿ ಹೇಳುತ್ತವೆ. ದಾಖಲೆಯ ಮಟ್ಟಿಗೆ ನಮ್ಮಲ್ಲೂ ಒಂದು ಕಿವಿ ಇದೆ: 2010ರಲ್ಲಿ ಶುರುವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮ. ಅದರ ಉಚಿತ ದೂರವಾಣಿ 1800-180-3024ಕ್ಕೆ ಯಾವ ರೋಗಿಯೂ ಅಡ್ಡಪರಿಣಾಮ ತಿಳಿಸಬಹುದು. ನಮ್ಮ ಊರಲ್ಲಿ ಇದು ಗೊತ್ತಿರುವ ಒಬ್ಬರೂ ನನಗೆ ಸಿಕ್ಕಿಲ್ಲ.

ಅತ್ತೆ ಈಗ ಆಪ್‌ಗೆ ಒಗ್ಗಿಕೊಂಡಿದ್ದಾಳೆ. ಅದು ಅವಳ ಮಾತು ಕಲಿಯಲಿಲ್ಲ, ಅವಳೇ ಅದರದ್ದು ಕಲಿತಳು. ಫೋನ್ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯವರ ಹಾಗೆ ‘ಇಂದು ನೋವು ಇಲ್ಲ’ ಎನ್ನುತ್ತಾಳೆ. ಮೊಮ್ಮಕ್ಕಳು ನಗುತ್ತಾರೆ. ಮೊನ್ನೆ ಜ್ವರ ಬಂದ ರಾತ್ರಿ ಮಾತ್ರ ಬಾಯಿಗೆ ಬಂದದ್ದು ಹುಟ್ಟಿದ ಮಾತೇ. ಆಪ್ ಬರೆದ ಸಾಲಿಗೆ ತಲೆಬುಡ ಇರಲಿಲ್ಲ. ಜೊತೆಗಿದ್ದ ಧ್ವನಿ ಹಾಕಿ ಕೇಳಿದೆ, ಹಲ್ಲು ಕಟಕಟ ಎನ್ನುತ್ತಿತ್ತು. ಭಾವನಿಗೆ ಫೋನ್ ಮಾಡಿ ಎಬ್ಬಿಸಿದೆ. ಬೆಳಕು ಹರಿಯುವ ಮೊದಲೇ ಅವರ ಜೀಪು ದೇವಿಮನೆ ಘಟ್ಟ ಇಳಿದಿತ್ತು.