ಜ್ವರ ಬಿಟ್ಟ ಟಗರನ್ನು ಸಂತೆಗೆ ಹೊಡೆಯಬೇಡಿ

ಮಳೆಗಾಲದಲ್ಲಿ ಕುರಿಗಳಿಗೆ ಜ್ವರ ತರುವ ನೀಲಿ ನಾಲಿಗೆ ರೋಗ ಬಂದುಹೋದ ಮೇಲೆ ಪಶುವೈದ್ಯನಾದ ನನಗೆ ಕೇಳಿಬರುವ ದೂರು ಒಂದೇ. 'ಟಗರಿಗೆ ಜ್ವರ ಬಿಟ್ಟು ತಿಂಗಳಾಯ್ತು ಸಾರ್, ಚೆನ್ನಾಗಿ ಮೇಯ್ತದೆ, ಕುರಿಗಳ ಮೇಲೆ ಹಾರ್ತದೆ. ಆದ್ರೂ ಕುರಿ ಗಬ್ಬ ನಿಲ್ತಿಲ್ಲ.' ಮರುವಾರ ಆ ಟಗರು ಸಂತೆಯಲ್ಲಿರುತ್ತದೆ. ಎಷ್ಟು ಒಳ್ಳೆಯ ತಳಿ ಹೀಗೆ ಕಸಾಯಿಯ ಪಾಲಾಯಿತೋ!

ಸ್ವಲ್ಪ ದಿನ ಎಣಿಸಿ ನೋಡಿ. ಟಗರಿನ ಬೀಜದಲ್ಲಿ, ಅಂದರೆ ವೃಷಣದಲ್ಲಿ, ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 47ರಿಂದ 49 ದಿನ ಬೇಕು. ಬೀಜಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಅದು ಬಲಿತು ಈಜು ಕಲಿಯಲು ಇನ್ನೂ ಹತ್ತು ಹನ್ನೆರಡು ದಿನ. ಇವತ್ತಿನ ವೀರ್ಯ ಶುರುವಾದದ್ದು ಎರಡು ತಿಂಗಳ ಹಿಂದೆ, ಅಂದರೆ ಜ್ವರದ ದಿನಗಳಲ್ಲಿ ಅಥವಾ ಅದಕ್ಕೂ ಮುಂಚೆ.

ಬೀಜದ ಚೀಲ ಮೈಯಿಂದ ಹೊರಗೆ ಜೋತುಬಿದ್ದಿರುವುದು ತಂಪಿಗಾಗಿ. ಒಳಮೈಗಿಂತ ನಾಲ್ಕೈದು ಡಿಗ್ರಿ ಕಡಿಮೆ ಇದ್ದರೇ ಅಲ್ಲಿ ಕೆಲಸ ನಡೆಯುವುದು. ಜ್ವರ ಆ ತಂಪನ್ನು ಕೆಡಿಸುತ್ತದೆ. ಜೋಳ ತಿನ್ನಿಸಿ ತಿನ್ನಿಸಿ ಚೀಲದ ಕತ್ತಿನಲ್ಲಿ ಕೊಬ್ಬು ಕಟ್ಟಿದರೂ ಅದೇ ಗತಿ. ಆದರೆ ಹಾರುವ ಆಸೆ ಹುಟ್ಟಿಸುವ ಜೀವಕೋಶಗಳು ಬೇರೆ, ಅವು ಬಿಸಿಯನ್ನು ಹೆಚ್ಚು ತಡೆಯುತ್ತವೆ. ಹಾರಿದ ಮಾತ್ರಕ್ಕೆ ಬೀಜ ಸರಿಯಿದೆ ಎನ್ನಲಾಗದು.

'ಶಕ್ತಿಗೆ ಒಂದು ಇಂಜೆಕ್ಷನ್ ಹಾಕಿ' ಎನ್ನುವವರಿಗೆ ಕೈಮುಗಿಯುತ್ತೇನೆ. ಗಂಡು ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಮೆದುಳು ಬೀಜಕ್ಕೆ ಕಳಿಸುವ ಸೂಚನೆಯನ್ನು ತಗ್ಗಿಸುತ್ತದೆ. ಇದ್ದಬದ್ದ ಉತ್ಪತ್ತಿಯೂ ಕುಸಿಯುತ್ತದೆ.

ಚಳ್ಳಕೆರೆ ಕಡೆಯ ಅಜ್ಜರೊಬ್ಬರಿಗೆ ಇದನ್ನೆಲ್ಲ ಅರ್ಧ ಗಂಟೆ ಹೇಳಿದೆ. ಅವರು ಟಗರಿನ ಉಣ್ಣೆ ಹಿಡಿದು ಮೆಲ್ಲಗೆ ಎಳೆದರು. ಎಳೆ ನಡುವೆ ಪಟ್ಟನೆ ತುಂಡಾಯಿತು. 'ಜ್ವರ ಬಂದಾಗ ಬೆಳೆದ ಉಣ್ಣೆ ಇದು, ಕಂಬಳಿಗೆ ಬರಲ್ಲ. ಒಳಗಿಂದೂ ಹಂಗೇ ಏನು ಡಾಕ್ಟ್ರೇ?' ಹೌದಜ್ಜಾ, ಹಂಗೇ. ನಾನು ಇಷ್ಟು ವರ್ಷ ಹೇಳಿದ್ದಕ್ಕಿಂತ ಅದು ಚೆನ್ನಾಗಿತ್ತು.

ತಪ್ಪು ಯಾವಾಗಲೂ ಟಗರಿನದ್ದೇ ಅಲ್ಲ, ಕುರಿಗಳಲ್ಲೂ ರೋಗವಿರಬಹುದು. ಬೀಜವನ್ನು ಕೈಯಿಂದ ಮುಟ್ಟಿ ನೋಡದೆ, ವೀರ್ಯ ಪರೀಕ್ಷಿಸದೆ ನಾನು ಖಚಿತವಾಗಿ ಹೇಳಲಾರೆ. ಬೀಜ ಗಟ್ಟಿಯಾಗಿ ಕುಗ್ಗಿಹೋಗಿದ್ದರೆ ಕಾದು ಫಲವಿಲ್ಲದಿರಬಹುದು. ಹಾಗಿಲ್ಲದಿದ್ದರೆ ಜ್ವರ ಬಿಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಟಗರಿಗೆ ನೆರಳು, ನೀರು, ಹಸಿಮೇವು ಕೊಡಿ. ಅಲ್ಲಿಂದ ಎರಡು ತಿಂಗಳು ಪಕ್ಕದ ಹಟ್ಟಿಯ ಆರೋಗ್ಯವಂತ ಟಗರನ್ನು ಕೇಳಿ ತನ್ನಿ. ಆಮೇಲೆ ನಿಮ್ಮದನ್ನು ನನ್ನ ಹತ್ತಿರ ಹಿಡಿದು ತನ್ನಿ, ನೋಡೋಣ.