ಕಾರು ಮನೆಯದು, ಆರ್‌ಸಿ ಯಾರದು?

ಭಾರತದ ವಯಸ್ಕರಲ್ಲಿ ಎಷ್ಟು ಮಂದಿಗೆ ಸ್ವಂತ ಕಾರಿದೆ ಎಂದು ಹುಡುಕಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವುದು ಬೇರೊಂದು ಪ್ರಶ್ನೆಯ ಉತ್ತರ. ಜನಗಣತಿಯೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಎಣಿಸುವುದು ಕಾರಿರುವ ಮನೆಗಳನ್ನು. ಸಾರಿಗೆ ಇಲಾಖೆ ಎಣಿಸುವುದು ನೋಂದಣಿಯಾದ ವಾಹನಗಳನ್ನು. ಜನಗಣತಿಯ ಪ್ರಕಾರ 2001ರಲ್ಲಿ ಶೇ 2.5ರಷ್ಟು ಮನೆಗಳಲ್ಲಿ ಕಾರು, ಜೀಪು ಅಥವಾ ವ್ಯಾನ್ ಇತ್ತು, 2011ರಲ್ಲಿ ಶೇ 4.7ರಷ್ಟು ಮನೆಗಳಲ್ಲಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ಶೇ 7.5ರ ಆಸುಪಾಸಿಗೆ ಬಂದಿತ್ತು. ಅಂದರೆ ಸುಮಾರು ಹದಿಮೂರು ಮನೆಗಳಲ್ಲಿ ಒಂದರಲ್ಲಿ ಕಾರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡವರು ಈ ಅಂಕಿಯನ್ನು ಸುಲಭವಾಗಿ ನಂಬಲಾರರು.

ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವೂ ಅಗಾಧ. ಅದೇ ಸಮೀಕ್ಷೆಯಲ್ಲಿ ಗೋವಾದ ಶೇ 45, ಕೇರಳದ ಶೇ 24ರಷ್ಟು ಮನೆಗಳಲ್ಲಿ ಕಾರಿದ್ದರೆ, ಕರ್ನಾಟಕದಲ್ಲಿ ಶೇ 9 ಮತ್ತು ಬಿಹಾರದಲ್ಲಿ ಕೇವಲ ಶೇ 2ರಷ್ಟು ಮನೆಗಳಲ್ಲಿತ್ತು.

ಸ್ವಾತಂತ್ರ್ಯಾನಂತರದ ಮೂರು ದಶಕಗಳ ಕಥೆಯನ್ನು ಮೂರು ಹೆಸರುಗಳಲ್ಲಿ ಮುಗಿಸಬಹುದು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸ್ ನಿರ್ಧರಿಸುತ್ತಿದ್ದ ಕಾಲವದು. ಹಣ ಇದ್ದವರೂ ಕಾಯಬೇಕಿತ್ತು.

ಮಧ್ಯಮ ವರ್ಗ ಈ ಕಥೆಯೊಳಗೆ ಬರುವುದು 1983ರಲ್ಲಿ. ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಮಾರುತಿ 800 ಬುಕ್ ಮಾಡಿದವರ ಸಂಖ್ಯೆ ಲಕ್ಷ ದಾಟಿತು, ಡಿಸೆಂಬರ್‌ನಲ್ಲಿ ಮೊದಲ ಕಾರು ಹೊರಬಂತು. ಐವತ್ತು ಸಾವಿರದ ಆಸುಪಾಸಿನ ಆ ಕಾರಿಗೆ ಸರ್ಕಾರಿ ನೌಕರರು ಪಿಎಫ್ ಸಾಲ ತೆಗೆದರು, ಹೆಂಡತಿಯ ಬಳೆ ಅಡವಿಟ್ಟವರೂ ಇದ್ದರು. ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಕಾಂಪೌಂಡಿನೊಳಗೆ ಹೊದಿಕೆ ಹೊದ್ದು ನಿಂತಿರುತ್ತಿದ್ದ ಆ ಕಾರು ಭಾನುವಾರಕ್ಕೊಮ್ಮೆ ಹೊರಗೆ ಬರುತ್ತಿತ್ತು. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು, ನಾಲ್ಕೂ ಚಕ್ರಗಳಡಿ ನಿಂಬೆಹಣ್ಣಿಟ್ಟು, ಮನೆಮಂದಿಯೆಲ್ಲ ಅದರೊಳಗೆ ತುಂಬಿಕೊಂಡು ಒಂದು ಸುತ್ತು ಹೋಗಿ ಬರುತ್ತಿದ್ದರು. ಬಳೆ ಯಾರದಾಗಿತ್ತೋ ಅವರ ಹೆಸರು ಮಾತ್ರ ಕಾರಿನ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಇರುತ್ತಿದ್ದುದು ಅಪರೂಪ. ‘ನಮ್ಮ ಮನೆ ಕಾರು’ ಎಂಬ ಮಾತು ಹುಟ್ಟಿದ್ದು ಹೀಗೆ. ನಮ್ಮ ಎಣಿಕೆಯೂ ಇಂದಿಗೂ ಆ ಮಾತನ್ನೇ ಹಿಡಿದುಕೊಂಡಿದೆ: ಮನೆ ಅಥವಾ ಜಮೀನು ನಿಮ್ಮ ಹೆಸರಿನಲ್ಲಿದೆಯೇ, ನೀವೇ ಬಳಸುವ ಬ್ಯಾಂಕ್ ಖಾತೆ, ಮೊಬೈಲ್ ಇದೆಯೇ ಎಂದು ಮಹಿಳೆಯರನ್ನು ಪ್ರತ್ಯೇಕವಾಗಿ ಕೇಳುವ ಕುಟುಂಬ ಆರೋಗ್ಯ ಸಮೀಕ್ಷೆ, ಕಾರಿನ ವಿಷಯ ಬಂದಾಗ ಮನೆಯಲ್ಲಿ ಇದೆಯೇ ಎಂದಷ್ಟೇ ಕೇಳಿ ಮುಂದಕ್ಕೆ ಹೋಗುತ್ತದೆ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. 1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. ಬ್ಯಾಂಕುಗಳು ತಾವಾಗಿಯೇ ಸಾಲ ಹೊತ್ತು ಬಂದವು. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ 2006ರಲ್ಲಿ ಅಬಕಾರಿ ಸುಂಕ ಇಳಿಯಿತು, 2025ರ ಸೆಪ್ಟೆಂಬರ್‌ನಲ್ಲಿ ಅಂಥ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಬಂತು. ಬಸ್ಸಿನಲ್ಲಿ ಓಡಾಡುವ ಹನ್ನೆರಡು ಮನೆಗಳಿಗಿಂತ ಕಾರಿರುವ ಒಂದು ಮನೆಯ ಬಗ್ಗೆ ಬಜೆಟ್ ದಿನ ನಡೆಯುವ ಚರ್ಚೆಯೇ ಹೆಚ್ಚು ಎಂಬುದನ್ನು ಇಲ್ಲಿ ಗಮನಿಸಬಹುದು.

ಹಾಗಾದರೆ ನೋಂದಣಿ ಪುಸ್ತಕದಿಂದಾದರೂ ಮಾಲೀಕರನ್ನು ಎಣಿಸಬಹುದಲ್ಲ ಎಂದರೆ, ಅಲ್ಲಿಯೂ ತೊಡಕು. ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಒಮ್ಮೆ ಕಟ್ಟಿದರಾಯಿತು, ಮಾಲೀಕ ವರ್ಷವರ್ಷ ಆರ್‌ಟಿಒ ಕಡೆ ತಲೆಹಾಕಬೇಕಿಲ್ಲ. ಈ ನಡುವೆ ಕಾರು ಗುಜರಿಗೆ ಹೋಗಿರಬಹುದು, ಮಾರಾಟವಾಗಿರಬಹುದು, ಹೆಸರು ಹಾಗೆಯೇ ಉಳಿದಿರಬಹುದು. ಹೀಗೆ ಹಲವು ಕೈ ದಾಟಿದ ಕಾರೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಹೇಳಿತು. ಸಾಲದ ಕಾರಿನದು ಇನ್ನೊಂದು ಬಗೆ: ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಷನ್ (ಸಾಲ ತೀರುವವರೆಗಿನ ಅಡಮಾನ) ನಮೂದು ಇದ್ದರೂ, ಕಾನೂನಿನ ಕಣ್ಣಿನಲ್ಲಿ ಮಾಲೀಕರೆಂದರೆ ವಾಹನವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರು.

ಮಾಲೀಕ ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಮಾಲೀಕತ್ವ ವರ್ಗಾವಣೆಯ ಫಾರಂ 31 ತುಂಬಿ ಕೊಡಬೇಕು. ಅಪ್ಪನ ಮಾರುತಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟ ಮಗ, ಬೇರೆ ವಾರಸುದಾರರ ಒಪ್ಪಿಗೆ ಬೇಕೆಂದು ಗೊತ್ತಾದಾಗ ಅಮ್ಮನ ಮುಂದೆಯೂ ತಂಗಿಯ ಮುಂದೆಯೂ ಕಾಗದ ಹಿಡಿದು ನಿಲ್ಲುತ್ತಾನೆ. ಮೂವತ್ತು ವರ್ಷ ಮುಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ, ಆ ಕಾರಿನ ಕಾಗದವೊಂದಕ್ಕೆ ಸಹಿ ಹಾಕುವುದು ಬಹುಶಃ ಅದೇ ಮೊದಲು.